ಸ್ಟೇರಿಂಗಿನೊಳಗಿನ ಆಟ

ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಕೈಯಲ್ಲೇ ಒಂದು ಹೂ ತಂದು ನಮ್ಮ ಪಿಕಪ್ಪಿನ ಸ್ಟೇರಿಂಗಿಗೆ ಸಿಕ್ಕಿಸುವುದು ನಾನು ಒಂದು ದಿನವೂ ತಪ್ಪಿಸದ ಕೆಲಸ. ಹೆಮ್ಮಾಡಿಯಲ್ಲಿ ಸೇವಂತಿಗೆ ಅರಳುವ ಕಾಲಕ್ಕೆ ಸೇವಂತಿಗೆ, ಉಳಿದ ಕಾಲಕ್ಕೆ ದಾಸವಾಳ. ಜ್ವರವಿದ್ದರೂ ಹೋಗುತ್ತೇನೆ, ಮಳೆಯಿದ್ದರೆ ಕೊಡೆ ಹಿಡಿದು ಹೋಗುತ್ತೇನೆ. ಊರಿಗೆಲ್ಲ ಪಾಂಡಣ್ಣನಾದ ನಮ್ಮನೆಯವರು ಗಂಗೊಳ್ಳಿ ಬಂದರಿನಲ್ಲಿ ಮೀನು ತುಂಬಿಸಿಕೊಂಡು ಅಮಾಸೆಬೈಲಿನವರೆಗೆ ಮಾರಿ ಬರುವುದು ಅದೇ ಗಾಡಿಯಲ್ಲಿ. ಅದರ ಅವಸ್ಥೆ ಕಂಡವರು ಹೂ ಯಾಕೆ ಎಂದು ಕೇಳುವುದಿಲ್ಲ. ದೇವರಲ್ಲದೆ ಇನ್ನು ಯಾರು ಅದನ್ನು ನಡೆಸಿಯಾರು!

ನನಗೆ ಇನ್ನೊಂದು ಗುಣವಿದೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ಯಾರು ಏನು ಹೇಳಿದರೂ ನಾನು ಪೂರ್ತಿ ಕೇಳುತ್ತೇನೆ, ನಡುವೆ ಬಾಯಿ ಹಾಕುವುದಿಲ್ಲ. ಶಾಲೆಗೆ ಹೋದದ್ದು ಕಡಿಮೆ; ಕಲಿತದ್ದೆಲ್ಲ ಈ ಎರಡು ಕಿವಿಗಳ ಕೃಪೆ! ಇಡೀ ತಾಲೂಕಿನಲ್ಲಿ ನನ್ನಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರು ಇಲ್ಲ ಎಂಬ ಹೆಮ್ಮೆಯಲ್ಲೇ ಈ ವರ್ಷ ಒಂದು ನಿರ್ಧಾರ ಮಾಡಿದೆ: ‘ಈ ಗಾಡಿಯ ಕಾಯಿಲೆ ಏನೆಂದು ನಾನೇ ಕೇಳಿ ತಿಳಿದು, ಗುಣ ಮಾಡಿಸಿಯೇ ಬಿಡುತ್ತೇನೆ!’

ಕಾಯಿಲೆ ಇದ್ದದ್ದು ಸ್ಟೇರಿಂಗಿನಲ್ಲಿ. ಸ್ಟೇರಿಂಗಿಗೂ ಚಕ್ರಕ್ಕೂ ಮಾತುಕತೆ ನಿಂತು ಎಷ್ಟೋ ಕಾಲವಾಗಿತ್ತು. ಅರ್ಧ ಸುತ್ತು ತಿರುಗಿಸಿದ ಮೇಲಷ್ಟೇ ಚಕ್ರಕ್ಕೆ ಸುದ್ದಿ ಮುಟ್ಟುತ್ತಿತ್ತು. ಹೆಮ್ಮಾಡಿಯಲ್ಲಿ ತಿರುಗಬೇಕಾದರೆ ಹಿಂದಿನ ಊರಾದ ತಲ್ಲೂರಿನಲ್ಲೇ ಶುರು ಮಾಡಬೇಕು! ನೇರ ರಸ್ತೆಯಲ್ಲೂ ನಮ್ಮನೆಯವರು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೈಯಾಡಿಸುತ್ತಲೇ ಇರುತ್ತಿದ್ದರು, ಮೊಸರು ಕಡೆದ ಹಾಗೆ.

“ಹ್ವಾಯ್, ಇದನ್ನ್ ಒಂದ್ಸಲ ರಿಪೇರಿ ಮಾಡ್ಸುಕಾಗ್ದಾ?” ಎಂದರೆ,

“ಎಂತ ಆತಿಲ್ಲೆ. ನಂಗೆ ಅಭ್ಯಾಸ ಆಯ್ತ್” ಎನ್ನುತ್ತಿದ್ದರು.

“ನಿಮ್ಗೆ ಅಭ್ಯಾಸ. ಎದ್ರ್ ಬಪ್ಪರಿಗೆ?”

ಅದಕ್ಕೆ ಉತ್ತರ ಸಿಕ್ಕಿದ್ದು ಅಮಾಸೆಬೈಲಿನ ಒಂದು ತಿರುವಿನಲ್ಲಿ. ಆ ದಿನ ನಾನೂ ಪಕ್ಕದಲ್ಲಿದ್ದೆ. ರಸ್ತೆ ತಿರುಗಿತು, ಸ್ಟೇರಿಂಗ್ ತಿರುಗಿತು, ನಮ್ಮನೆಯವರ ಮುಖವೂ ತಿರುಗಿತು. ಗಾಡಿ ಮಾತ್ರ ತಿರುಗಲಿಲ್ಲ! ನೇರ ಒಬ್ಬರ ಅಂಗಳಕ್ಕೆ ನುಗ್ಗಿ, ಒಣಗಲು ಹಾಕಿದ್ದ ಹಪ್ಪಳದ ಚಾಪೆಯ ಮುಂದೆ ನಿಂತಿತು. ಚಾಪೆಯ ಆಚೆ ಬಾವಿ. ನಾನು ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದೆ. ಆ ಮನೆಯ ಅಮ್ಮ ಹೊರಗೆ ಬಂದು, “ಮೀನ್ ಅಂಗಳಕ್ಕೇ ತಂದ್ರ್ಯಾ? ಒಳ್ಳೇದಾಯ್ತ್. ಬಂಗ್ಡಿ ಇತ್ತಾ?” ಎಂದು ಪಾತ್ರೆ ಹಿಡಿದು ನಿಂತರು.

ಮಾರನೇ ದಿನವೇ ಗಾಡಿ ಬ್ರಹ್ಮಾವರಕ್ಕೆ ಹೋಯಿತು, ಕುಷ್ಟಣ್ಣನ ಗ್ಯಾರೇಜಿಗೆ. ಗಾಡಿ ಅಲ್ಲಿ ಬಿಟ್ಟು ನಮ್ಮನೆಯವರು ಬಸ್ಸಿನಲ್ಲಿ ಬೇರೆ ಕೆಲಸಕ್ಕೆ ಹೋದರು. ಫೋನು ಮಾತ್ರ ಮನೆಯಲ್ಲೇ ಮರೆತಿದ್ದರು. ಮಧ್ಯಾಹ್ನ ಅದು ಹೊಡೆದುಕೊಂಡಾಗ ಎತ್ತಿದವಳು ನಾನು.

“ಅಕ್ಕ, ಕುಷ್ಟ ಮಾತಾಡುದ್. ಪಾಂಡಣ್ಣ ಬಂದ್ ಕೂಡ್ಲೆ ಹೇಳಿ, ಗಾಡೀಲ್ ಆಟ ಇತ್ತ್!”

“ಆಟವಾ?”

“ಸಣ್ಣ ಆಟ ಅಲ್ಲ, ಜೋರ್ ಆಟ! ಹಿಂದಿನರ್ ಕಾಲದಿಂದ್ಲೇ ಇಪ್ಪುದ್. ಇಷ್ಟ್ ವರ್ಷ ಹ್ಯಾಂಗ್ ಬಿಟ್ರಿ ಮಾರಾಯ್ರೆ? ಎಂತಾರೂ ಹೆಚ್ಚುಕಮ್ಮಿ ಆಯಿದ್ರೆ?”

ನಮ್ಮ ಕಡೆ ಆಟ ಎಂದರೆ ಒಂದೇ ಅರ್ಥ: ಯಕ್ಷಗಾನ. ಕಷ್ಟ ಬಂದರೆ ‘ಒಂದು ಆಟ ಆಡಿಸುತ್ತೇನೆ’ ಎಂದು ದೇವರಿಗೆ ಹರಕೆ ಹೊರುತ್ತೇವೆ. ಹೊತ್ತ ಹರಕೆ ಬಾಕಿ ಉಳಿದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಾವಿಯ ಕಟ್ಟೆ ಕಣ್ಣ ಮುಂದೆ ಬಂತು! ಗಾಡಿ ನಾವು ಶಿರೂರಿನವರಿಂದ ಕೊಂಡದ್ದು. ಆರ್‌ಸಿ ಜೊತೆಗೆ ಅವರ ಹರಕೆಯೂ ನಮ್ಮ ಹೆಸರಿಗೆ ವರ್ಗವಾಗಿದೆ!

“ಈಗ ಎಂತ ಮಾಡ್ಕ್ ಕುಷ್ಟಣ್ಣ?”

“ಆಟ ಮುಗ್ಸದೆ ಗಾಡಿ ರೋಡಿಗ್ ಇಳ್ಸುಕಾಗ.”

“ಯಾವ ಮೇಳ?” ಎಂದು ಭಕ್ತಿಯಿಂದ ಕೇಳಿದೆ. ಆ ಕಡೆ ಸುತ್ತಿಗೆಯ ಟಣ್ ಟಣ್ ಸದ್ದು. ‘ಯಾವ ಮಾಡೆಲ್’ ಎಂದು ಅವನಿಗೆ ಕೇಳಿಸಿತ್ತೆಂದು ನನಗೆ ಆಮೇಲೆ ಗೊತ್ತಾಯಿತು.

“ಹೊಸ್ದೇ ಆಯ್ಲಿ ಅಕ್ಕ. ಪವರಿಂದ್! ಬಾಕ್ಸ್ ಸಮೇತ ಪೂರಾ ಸೆಟ್ಟೇ ತರ್ಸುವ.”

ಹೊಸ ಮೇಳ! ಶಕ್ತಿಯುಳ್ಳ ಕ್ಷೇತ್ರದ್ದು! ವೇಷದ ಪೆಟ್ಟಿಗೆ ಸಮೇತ ಪೂರ್ತಿ ಸೆಟ್ಟು! ಒಬ್ಬ ಮೆಕ್ಯಾನಿಕ್ಕಿಗೆ ಇಷ್ಟೊಂದು ದೈವಭಕ್ತಿಯೇ ಎಂದು ಬೆರಗಾಗಿ ಫೋನಿಗೇ ಕೈ ಮುಗಿದೆ.

ನಾನು ಊರಿಗೆಲ್ಲ ಸಾರುವವಳಲ್ಲ. ಪಕ್ಕದ ಮನೆಯ ಜಲಜಕ್ಕನಿಗೆ ಮಾತ್ರ ಹೇಳಿದೆ. ಜಲಜಕ್ಕನಿಗೆ ಹೇಳಿದ ಮೇಲೆ ಊರಿಗೆ ಬೇರೆ ಹೇಳುವ ಅಗತ್ಯ ಬೀಳುವುದೂ ಇಲ್ಲ! ಸಂಜೆಯೊಳಗೆ ಒಬ್ಬರು ಬಂದು ಗದ್ದೆ ಬಿಟ್ಟುಕೊಡುತ್ತೇನೆಂದರು, ಇನ್ನೊಬ್ಬರು ಚಪ್ಪರಕ್ಕೆ ತೆಂಗಿನ ಮಡಲು ಕೊಡುತ್ತೇನೆಂದರು. ಪ್ರಸಂಗ ಯಾವುದು ಎಂಬುದರ ಮೇಲೆ ನಮ್ಮ ಜಗಲಿಯಲ್ಲೇ ಇಬ್ಬರು ಮುನಿಸಿಕೊಂಡರು. ನಾನೂ ಬಂದವರಿಗೆಲ್ಲ “ನೀವ್ ಖಂಡಿತ ಬರ್ಕ್” ಎಂದು ಹೇಳುತ್ತಾ ಹೋದೆ.

ಆದರೂ ಹರಕೆಯ ಮೂಲ ತಿಳಿಯಬೇಕಲ್ಲ? ಗಾಡಿ ಮಾರಿದ ಶೈಲೇಶನ ಹೆಂಡತಿ ವಿನಯಾಳಿಗೆ ಶಿರೂರಿಗೆ ಫೋನು ಮಾಡಿದೆ.

“ವಿನಯಾ, ಆ ಗಾಡಿ ಮೇಲೆ ಒಂದ್ ಆಟ ಬಾಕಿ ಇತ್ತಂಬ್ರಲೆ?”

ಆ ಕಡೆಯಿಂದ ಹೆದರಿದ ಸಣ್ಣ ದನಿಯಲ್ಲಿ, “ನಿಮ್ಗೆ ಯಾರ್ ಹೇಳದ್ ಅಕ್ಕ?”

“ಗ್ಯಾರೇಜಿನ ಕುಷ್ಟಣ್ಣ. ಗಾಡಿ ಬಿಚ್ಚಿ ಕಂಡ್ರಂಬ್ರ್.”

“ಬಿಚ್ಚಿರೆ ಕಾಣತ್ತಾ!” ಎಂದವಳೇ ಫೋನಿಟ್ಟಳು.

ಕತ್ತಲಾಗುವ ಹೊತ್ತಿಗೆ ನಮ್ಮನೆಯವರು ಬಂದರು. ಬಸ್ಸಿಳಿದಲ್ಲಿಂದ ಮನೆಯವರೆಗೆ ದಾರಿಯುದ್ದಕ್ಕೂ ‘ಪಾಂಡಣ್ಣ, ಆಟ ಯಾವತ್ತ್?’ ಎಂದು ಕೇಳಿಸಿಕೊಂಡು ಬಂದ ಮುಖ.

“ಎಂತ ಆಟ ಮರಾಯ್ತಿ? ಯಾರ್ ಆಡ್ಸುದ್? ಆ ಗಾಡಿ ಮಾರಿರೂ ಚಂಡೆಯರಿಗ್ ಕೊಡುಕೆ ಸಾಕಾತಿಲ್ಲೆ!”

“ಕುಷ್ಟಣ್ಣನೇ ಹೇಳ್ರ್. ನಾನ್ ಪೂರ್ತಿ ಕೇಂಡಿದೆ.”

ಅವರು ಕುಷ್ಟಣ್ಣನಿಗೆ ಫೋನು ಹಚ್ಚಿ, ನನಗೂ ಕೇಳಲೆಂದು ಸ್ಪೀಕರಿಗೆ ಹಾಕಿದರು. ಕುಷ್ಟಣ್ಣ ಎಲ್ಲ ಕೇಳಿ ಹೇಳಿದ: “ಅಕ್ಕ, ನಾ ಹೇಳದ್ದ್ ಸ್ಟೇರಿಂಗಿನ ಆಟ. ಸಡ್ಲ, ಸಡ್ಲ! ಬಾಕ್ಸ್ ಸವ್ದ್ ಹೋಯ್ತ್. ಅದನ್ನ್ ತೆಗ್ದ್ ಪವರ್ ಸ್ಟೇರಿಂಗ್ ಹಾಕುವ ಅಂದೆ!”

ಭೂಮಿ ಬಾಯಿಬಿಡಲಿ ಎಂದು ಕಾದೆ. ಅದೂ ನಮ್ಮ ಚಕ್ರದ ಹಾಗೆ, ನನ್ನ ಮಾತು ಕೇಳಲಿಲ್ಲ.

“ನಾಳಿಂದ ಊರಂಗೆ ಹ್ಯಾಂಗ್ ತಲೆ ಎತ್ತುದ್?” ಎಂದರು ನಮ್ಮನೆಯವರು. “ಆಟಕ್ಕೆ ಕರ್ದ್ ಆಟ ಇಲ್ಲೆ ಅಂದ್ರೆ, ನಮ್ಮತ್ರ ಯಾರ್ ಮೀನ್ ತಕಂತ್ರ್?”

ಅದೇ ನನ್ನ ಎದೆಯಲ್ಲೂ ಕೂತಿತ್ತು. ಗಾಡಿ ಬರುವವರೆಗೂ ನಾನು ಅಂಗಳ ದಾಟಲಿಲ್ಲ. ಜಲಜಕ್ಕ ಬೇಲಿಯಾಚೆಯಿಂದ ‘ತಾರೀಕ್ ಗೊತ್ತಾಯ್ತಾ?’ ಎಂದಾಗಲೆಲ್ಲ ಕೆಮ್ಮುತ್ತಿದ್ದೆ. ಗಂಟಲು ನಿಜಕ್ಕೂ ಕಟ್ಟಿತು! ಒಂದೇ ಒಂದು ಮಾತು ಮಾತ್ರ ಬಿಡದೆ ಕೊರೆಯುತ್ತಿತ್ತು: ಹರಕೆಯೇ ಇಲ್ಲದಿದ್ದರೆ ಆ ವಿನಯಾ ಅಷ್ಟು ಹೆದರಿದ್ದು ಯಾಕೆ?

ಗಾಡಿ ಬಂತು. ನಮ್ಮನೆಯವರು ಅಂಗಳದಲ್ಲೇ ಅದನ್ನು ಗಿರಕಿ ಹೊಡೆಸಿ, ಇಂಜಿನ್ ಬಂದ್ ಮಾಡದೆ ನಿಲ್ಲಿಸಿ, “ಬಾ, ಕೂಕೊ. ಒಂದ್ ಬೆರಳ್ ಇಟ್ಟ್ ಕಾಣ್” ಎಂದರು. ಕೂತೆ. ಬೆರಳಿಟ್ಟೆ. ಅಯ್ಯೋ ದೇವರೇ! ಹೂ ಸಿಕ್ಕಿಸುವಷ್ಟು ಬಲವೂ ಬೇಡ. ಬೆರಳು ಮನಸ್ಸು ಮಾಡಿದರೆ ಸಾಕು, ಚಕ್ರ ತಿರುಗುತ್ತದೆ! ಅಷ್ಟು ದೊಡ್ಡ ಕಬ್ಬಿಣದ ಜೀವ, ಎಷ್ಟೋ ವರ್ಷ ಯಾರ ಮಾತನ್ನೂ ಕೇಳದ್ದು, ಈಗ ಹೇಳುವ ಮೊದಲೇ ಕೇಳುತ್ತಿದೆ. ಈ ತಾಲೂಕಿನಲ್ಲಿ ನನಗಿಂತ ಚೆನ್ನಾಗಿ ಕೇಳಿಸಿಕೊಳ್ಳುವವರು ಒಬ್ಬರು ಬಂದರು ಎಂದು ಒಪ್ಪಿಕೊಂಡೆ.

ನಾನಿನ್ನೂ ಗಾಡಿಯಲ್ಲೇ ಬಾಯಿ ತೆರೆದು ಕೂತಿದ್ದೆ. ಶೈಲೇಶ, ವಿನಯಾ ಬೈಕಿನಲ್ಲಿ ಬಂದಿಳಿದರು. ಹಿಂದೆಯೇ ಜಲಜಕ್ಕ. ಶೈಲೇಶ ನೇರ ಬಂದು ಕೈ ಮುಗಿದ.

“ತಪ್ಪಾಯ್ತ್ ಅಕ್ಕ. ಹರಕಿ ಹೊತ್ತದ್ ಹೌದ್. ತೀರ್ಸುಕೆ ಆಯ್ಲಿಲ್ಲೆ. ಈಗ ತೀರ್ಸ್ತೊ.”

ನನ್ನ ರೋಮ ಎದ್ದು ನಿಂತಿತು! ಸುತ್ತಿಗೆ ಸದ್ದಿನ ನಡುವೆ, ಸವೆದ ಬಾಕ್ಸಿನ ನೆಪದಲ್ಲಿ, ದೇವರು ತನ್ನ ಬಾಕಿ ಕೇಳಿದ್ದು ಹೀಗೆಯೇ! ನಾನು ತಪ್ಪು ಕೇಳಿರಲಿಲ್ಲ. ನಮ್ಮನೆಯವರ ಕಡೆ ಒಮ್ಮೆ ನೋಡಿದೆ, ರಾಣಿಯ ಹಾಗೆ.

“ಎಂತಕ್ಕೆ ಹೊತ್ತದ್ದ್?” ಎಂದು ಕೇಳಿದರು ಅವರು.

ಹೇಳಿದವಳು ವಿನಯಾ, ಸೆರಗನ್ನು ಬೆರಳಿಗೆ ಸುತ್ತುತ್ತಾ: “ಆ ಗಾಡಿ ಯಾರೂ ಮುಟ್ತಿರ್ಲಿಲ್ಲೆ ಅಣ್ಣ. ‘ದೇವರೇ, ಇದನ್ನೂ ತಕಂಬರ್ ಒಬ್ರನ್ನ್ ಕಳ್ಸ್. ಅದ್ ಯಾವ್ ಊರಿಗ್ ಹೋತ್ತೋ ಆ ಊರಿನರ್ ಸಮಾಧಾನಕ್ಕೆ ಅಲ್ಲೇ ಒಂದ್ ಆಟ ಆಡಿಸ್ತೊ’ ಅಂದ್ ಕೇಂಡ್ಕಂಡಿದೊ. ಮರ್ದಿನವೇ ನೀವ್ ಬಂದ್ರಿ!”

ಜಲಜಕ್ಕನ ನಗು ಬಸ್‌ಸ್ಟಾಪಿನವರೆಗೆ ಕೇಳಿಸಿರಬೇಕು. ರಾಣಿ ಮೆಲ್ಲಗೆ ಗಾಡಿಯಿಂದಿಳಿದಳು.

“ಮನಸ್ಸ್ ತಡಿತಿಲ್ಲೆ ಅಕ್ಕ” ಎಂದ ಶೈಲೇಶ, ಸ್ಟೇರಿಂಗನ್ನು ಒಂದು ಬೆರಳಲ್ಲಿ ತಿರುಗಿಸಿ ಕಣ್ಣರಳಿಸುತ್ತಾ. “ನೀವ್ ಹೂಂ ಅಂದ್ರೆ ಗಾಡಿ ನಾವೇ ವಾಪಸ್ ತಕಂತೊ. ರಿಪೇರಿದೂ ಸೇರ್ಸಿ ಕೊಡ್ತೊ. ನಮ್ದೊಂದ್ ಉಪಕಾರ ಅಂದ್ ತಿಳ್ಕಣಿ.”

ನಮ್ಮನೆಯವರ ಮುಖ ಅರಳಿತು. ಅವರು ‘ಹೂಂ’ ಎನ್ನಲು ಬಾಯಿ ತೆರೆಯುತ್ತಿದ್ದಂತೆಯೇ, ಹುಟ್ಟಿದ ಮೇಲೆ ಮೊದಲ ಸಲ, ನಾನು ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕಿದೆ:

“ಬ್ಯಾಡ ಮಾರಾಯಾ, ಬ್ಯಾಡ! ಗಾಡಿ ವಾಪಸ್ ತಕಂಡ್ರೆ ನಿಮ್ಮ ಹರಕಿಯೂ ಶಿರೂರಿಗೇ ವಾಪಸ್ ಆತ್ತ್. ನಾನ್ ಊರಿಗೆಲ್ಲ ಆಟಕ್ಕೆ ಹೇಳಿ ಆಯ್ತ್!”