ಕೈ ತೊಳೆದ ಏಳು ನಿಮಿಷ

ಅರ್ಥವಾಗದ ಸಿನಿಮಾ ನೋಡಿ ಅರ್ಥವಾದಂತೆ ಮುಖ ಇಟ್ಟುಕೊಳ್ಳುವುದು ಸುಲಭದ ಕೆಲಸವಲ್ಲ. ಹಣೆಯ ಮೇಲೆ ಎರಡು ಗೆರೆ ಮೂಡಬೇಕು, ಗದ್ದದ ಕೆಳಗೆ ಒಂದು ಬೆರಳು ಸೇರಬೇಕು, ದೀಪ ಹಾಕಿದ ಮೇಲೂ ಅರ್ಧ ನಿಮಿಷ ಖಾಲಿ ಪರದೆಯನ್ನೇ ನೋಡುತ್ತ ಕೂತಿರಬೇಕು. ಪಕ್ಕದವರು ಏನಾದರೂ ಕೇಳಿದರೆ ದೊಡ್ಡದೊಂದು ಉಸಿರು ಬಿಡಬೇಕು. ನಾನು ಈ ವಿದ್ಯೆಯಲ್ಲಿ ಐದಾರು ವರ್ಷ ಪಳಗಿದವಳು. ಹೊಗಳಿಕೊಳ್ಳಬಾರದು, ಆದರೆ ಆ ಕಾಲದಲ್ಲಿ ಕಾರವಾರದಲ್ಲಿ ನನ್ನಷ್ಟು ಚೆನ್ನಾಗಿ ಉಸಿರು ಬಿಡುವವರು ಇನ್ನೊಬ್ಬರು ಇರಲಿಲ್ಲ.

ನನ್ನ ಮನೆ ಅಂಕೋಲೆಯಲ್ಲಿ, ಕೆಲಸ ಕಾರವಾರದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ. ವಾರದ ಆರು ದಿನ ಬಸ್ಸಿನಲ್ಲಿ ಹೋಗಿ ಬರುತ್ತಿದ್ದದ್ದು ಸಾಲದು ಅಂತ ತಿಂಗಳಿಗೊಂದು ಭಾನುವಾರವೂ ಹೋಗುತ್ತಿದ್ದೆ. ಅದು ನಮ್ಮ ಸಿನಿಮಾ ಬಳಗದ ದಿನ. ಬಳಗ ಅಂದರೆ ಹತ್ತು ಹನ್ನೆರಡು ಜನ. ನಿವೃತ್ತರಾದ ಪಾಂಡುರಂಗ ಮಾಸ್ತರು ನಮ್ಮ ಹಿರಿಯರು. ಒಂದು ವಾಚನಾಲಯದ ಮಹಡಿಯಲ್ಲಿ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಗೋಡೆಗೆ ಬಿಳಿ ಪಂಚೆ ಇಳಿಬಿಟ್ಟು, ಮಾಸ್ತರು ಎಲ್ಲಿಂದಲೋ ತರಿಸಿದ ಸಿ.ಡಿ.ಗಳನ್ನು ಹಾಕಿ ನೋಡುತ್ತಿದ್ದೆವು. ದೊಡ್ಡ ನಟರಿಲ್ಲದ, ಹಾಡಿಲ್ಲದ, ಎಷ್ಟೋ ಸಲ ಮಾತೂ ಇಲ್ಲದ ಚಿತ್ರಗಳು. ಒಬ್ಬ ಮನುಷ್ಯ ಸೈಕಲ್ ತಳ್ಳಿಕೊಂಡು ಹೋಗುತ್ತಾನೆ, ಹೋಗುತ್ತಲೇ ಇರುತ್ತಾನೆ, ನಡುವೆ ನಾನೊಂದು ಸಣ್ಣ ನಿದ್ದೆ ತೆಗೆದು ಎದ್ದರೂ ಅವನು ಇನ್ನೂ ಅದೇ ದಾರಿಯಲ್ಲಿರುತ್ತಾನೆ. ಮನೆಗೆ ಬಂದಾಗ ಯಜಮಾನರು ಕೇಳುತ್ತಿದ್ದರು, "ಇವತ್ತಿನ ಸಿನಿಮಾದಲ್ಲಿ ಎಂತ ಆಯ್ತು?" ನಾನು ಪ್ರಾಮಾಣಿಕವಾಗಿ, "ಎಂತದೂ ಆಗ್ಲಿಲ್ಲ" ಅನ್ನುತ್ತಿದ್ದೆ. "ಎಂತದೂ ಆಗದೇ ಇರೂಕೆ ಎರಡು ತಾಸು ಬೇಕಾ?" ಎಂದು ಅವರು ಮತ್ತೆ ಪೇಪರ್ ಹಿಡಿಯುತ್ತಿದ್ದರು.

ಚಿತ್ರ ಮುಗಿದ ಮೇಲೆ ಒಬ್ಬೊಬ್ಬರೂ ಎದ್ದು ನಿಂತು ಪ್ರತಿಕ್ರಿಯೆ ಹೇಳಬೇಕು ಎಂಬುದು ಮಾಸ್ತರರ ಕಟ್ಟುನಿಟ್ಟು. ಇಲ್ಲಿ ನನ್ನ ಉದ್ಯೋಗ ನನ್ನನ್ನು ಕಾಪಾಡುತ್ತಿತ್ತು. ಗ್ರಂಥಾಲಯಕ್ಕೆ ಬರುವ ಪತ್ರಿಕೆಗಳ ಪುರವಣಿಗಳಲ್ಲಿ ಸಿನಿಮಾದ ಬಗ್ಗೆ ಯಾರಾದರೂ ತೂಕದ ಮಾತು ಬರೆದಿದ್ದರೆ ಅದನ್ನು ಖಾಲಿ ಕ್ಯಾಟಲಾಗು ಕಾರ್ಡಿನಲ್ಲಿ ಬರೆದುಕೊಳ್ಳುತ್ತಿದ್ದೆ. 'ಮೌನದ ವ್ಯಾಕರಣ', 'ಚೌಕಟ್ಟಿನಾಚೆಯ ಬದುಕು', 'ಶೂನ್ಯದ ಜೊತೆಗಿನ ಅನುಸಂಧಾನ'. ಯಾವ ಚಿತ್ರಕ್ಕೆ ಯಾವ ಕಾರ್ಡು ಎಂಬ ಚಿಂತೆಯೇ ಬೇಡ, ಎಲ್ಲದಕ್ಕೂ ಎಲ್ಲವೂ ಹೊಂದುತ್ತಿದ್ದವು. ಕ್ರಮೇಣ ಹೆಸರೂ ಬಂತು. ಮಾಸ್ತರು ನನ್ನನ್ನು ಕಡೆಗೆ ಇಟ್ಟುಕೊಳ್ಳುತ್ತಿದ್ದರು, ಊಟದಲ್ಲಿ ಪಾಯಸ ಇಟ್ಟುಕೊಂಡ ಹಾಗೆ.

ಬಳಗದಲ್ಲಿ ನಿಜವಾಗಿ ಸಿನಿಮಾದ ಹುಚ್ಚಿದ್ದವನು ವಸಂತ. ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಪಾಳಿ ಕೆಲಸ. ಮಾತು ಕಡಿಮೆ. ತನ್ನ ಸರದಿ ಬಂದಾಗ "ನನಗೆ ಆ ಮುದುಕನ ಚಪ್ಪಲಿ ನೆನಪಿರ್ತದೆ" ಅಂತ ಒಂದು ಮಾತು ಹೇಳಿ ಕೂತುಬಿಡುತ್ತಿದ್ದ. ಪಾಪ, ಹುಡುಗನಿಗೆ ಹೇಳಲು ಬರುವುದಿಲ್ಲ ಎಂದು ನಾನು ಮರುಗುತ್ತಿದ್ದೆ. ಅವನು ಒಂದು ದಿನ ನನ್ನ ಹತ್ತಿರ ಬಂದು, ತಾನೊಂದು ಕಿರುಚಿತ್ರ ಮಾಡುತ್ತೇನೆ, ಭಾವನ ಹ್ಯಾಂಡಿಕ್ಯಾಮ್ ಸಿಕ್ಕಿದೆ, ಮೀನು ಮಾರುವ ಹೆಂಗಸಿನ ಕಥೆ, ನಟಿ ಬೇಡ, ನಿಜವಾಗಿ ಮೀನು ಮಾರುವವರೇ ಬೇಕು ಎಂದ. ನನಗೆ ತಟ್ಟನೆ ನೆನಪಾದವಳು ಮಾದೇವಿ.

ಮಾದೇವಿ ಅಂಕೋಲೆಯ ಪಕ್ಕದ ಕೇಣಿಯವಳು. ಐವತ್ತರ ಮೇಲಿನ ವಯಸ್ಸು. ಹನ್ನೊಂದು ವರ್ಷಗಳಿಂದ ನಮ್ಮ ಓಣಿಗೆ ಬುಟ್ಟಿ ಹೊತ್ತು ಬರುವವಳು. ಅವಳು ಬರುವ ಸದ್ದಾದರೆ ನಾನು ಒಳಗಿನಿಂದ ಓಡಿ ಬಂದು ಗೇಟು ತೆಗೆಯುತ್ತಿದ್ದೆ. ಇದನ್ನು ಅವಳು ಊರಿಗೆಲ್ಲ ಹೇಳಿಕೊಂಡಿದ್ದಳು: "ಅಕ್ಕೋರು ಎಂತ ಕೆಲಸ ಇದ್ರೂ ಬಿಟ್ಟು ತಾವೇ ಬಂದು ಗೇಟ ತೆಗೀತಾರೆ." ಸಿನಿಮಾ ಅಂದಾಗ ಮೊದಲು ನಕ್ಕಳು, ಆಮೇಲೆ "ನಾ ಕುಣೂಕಿಲ್ಲ ಮತ್ತೆ" ಎಂದು ಷರತ್ತು ಹಾಕಿ ಒಪ್ಪಿದಳು.

ನಾಲ್ಕೈದು ಭಾನುವಾರಗಳಲ್ಲಿ ಚಿತ್ರೀಕರಣ ಮುಗಿಯಿತು. ಮಳೆಗಾಲ ಕಳೆದ ಮೇಲೆ ನಮ್ಮ ಮಹಡಿಯಲ್ಲಿ ಪ್ರದರ್ಶನ. ಮಾದೇವಿ ಹೂ ಮುಡಿದು, ಇಸ್ತ್ರಿ ಮಾಡಿದ ಸೀರೆ ಉಟ್ಟು, ತಂಗಿಯನ್ನು ಜೊತೆಗೆ ಕರೆದುಕೊಂಡು ಅಂಕೋಲೆಯಿಂದ ಬಂದಿದ್ದಳು. ಇಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದೆವು. ಚಿತ್ರ ಇದ್ದದ್ದು ಇಪ್ಪತ್ತೆರಡು ನಿಮಿಷ. ಹೆಂಗಸು ಬೆಳಿಗ್ಗೆ ದಂಡೆಯಲ್ಲಿ ಬಂಗಡೆ ಮೀನು ಆರಿಸುತ್ತಾಳೆ, ಬುಟ್ಟಿ ಹೊತ್ತು ಮನೆಮನೆ ತಿರುಗುತ್ತಾಳೆ, ತನ್ನ ಮನೆಗೆ ವಾಪಸು ಬಂದು ಬಾವಿಕಟ್ಟೆಯಲ್ಲಿ ಕೈ ತೊಳೆಯುತ್ತಾಳೆ. ಆ ಕೈ ತೊಳೆಯುವುದೇ ಏಳು ನಿಮಿಷ. ಹುಣಸೆಹಣ್ಣು ಹಾಕಿ ತಿಕ್ಕುತ್ತಾಳೆ, ಸಾಬೂನು ಹಾಕುತ್ತಾಳೆ, ಕೈಯನ್ನು ಮೂಗಿನ ಹತ್ತಿರ ತರುತ್ತಾಳೆ, ಮತ್ತೆ ಹುಣಸೆಹಣ್ಣು. ಮೂರನೆಯ ನಿಮಿಷಕ್ಕೆ ಯಾರೋ ಕೆಮ್ಮಿದರು. ಐದನೆಯ ನಿಮಿಷಕ್ಕೆ ನಾನು ಗಡಿಯಾರ ನೋಡಿದೆ. ಏಳನೆಯದು ಮುಗಿಯುವಾಗ ನನ್ನ ಭಾಷಣ ತಯಾರಾಗಿತ್ತು.

ಎಂದಿನಂತೆ ಕಡೆಗೆ ಎದ್ದೆ. "ಇಲ್ಲಿ ಕೈ ತೊಳೆಯುವುದು ಒಂದು ರೂಪಕ. ತನ್ನ ದುಡಿಯುವ ಮಕ್ಕಳ ಹೊಣೆಯಿಂದ ಈ ಸಮಾಜ ಹೇಗೆ ಕೈ ತೊಳೆದುಕೊಂಡಿದೆ ಎಂಬುದನ್ನು ನಿರ್ದೇಶಕರು ನೀರಿನ ಮೂಲಕ ಹೇಳುತ್ತಿದ್ದಾರೆ" ಎಂದೆ. ಶೂನ್ಯವನ್ನೂ ಒಂದು ಕಡೆ ಸೇರಿಸಿದೆ. ಮಾಸ್ತರು ಚಪ್ಪಾಳೆ ತಟ್ಟಿದರು. ವಸಂತ ಕಣ್ಣು ಪಿಳಿಪಿಳಿ ಬಿಡುತ್ತ ನನ್ನನ್ನೇ ನೋಡಿದ. ತಾನು ಇಷ್ಟೆಲ್ಲ ಮಾಡಿದ್ದೇನೆಂದು ಅವನಿಗೆ ಗೊತ್ತಿದ್ದಂತೆ ಕಾಣಲಿಲ್ಲ.

ಆಮೇಲೆ ಮಾಸ್ತರು ಮರ್ಯಾದೆಗೆಂದು, "ಮಾದೇವಿ, ನೀನೂ ಎರಡು ಮಾತು ಹೇಳು" ಅಂದರು. ಅವಳು ಕೂತಲ್ಲೇ ಸೆರಗು ಸರಿಮಾಡಿಕೊಂಡಳು.

"ನಂಗೆ ಎಂತ ಗೊತ್ತದೆ ಮಾಸ್ತರೆ. ವಸಂತಪ್ಪ ಕೈ ತೊಳಿ ಅಂದ, ತೊಳ್ದೆ. ಸಾಕು ಅಂತ ಅವ ಹೇಳ್ಲೂ ಇಲ್ಲ, ಹೇಳಿದ್ರೂ ನಾ ಬಿಡ್ತಿರ್ಲಿಲ್ಲ. ಅವತ್ತು ನಂಗೆ ಕದ್ವಾಡಕ್ಕೆ ಹೋಗೂದಿತ್ತು, ಮಗಳ ಮನೆಗೆ. ಮೊಮ್ಮಗಳು ಹುಟ್ಟಿ ಎರಡು ತಿಂಗಳಾಗಿತ್ತು. ಬಾಣಂತನ ನಮ್ಮಲ್ಲೇ ಆಗ್ಬೇಕಿತ್ತು, ಆಸ್ಪತ್ರೆ ದೂರ ಆಗ್ತದೆ ಅಂತ ಅವ್ರು ಅಲ್ಲೇ ಇಟ್ಕೊಂಡ್ರು. ನಾ ಹೋದಾಗೆಲ್ಲ ಮಗು ಮಲ್ಗಿರ್ತದೆ. ನಮ್ಮ ಬೀಗತಿ ಎಂತ ಹೇಳೂದಿಲ್ಲ, ಮೂಗಿಗೆ ಸೆರಗು ಹಿಡೀತಾಳೆ, ಅಷ್ಟೆ." ತನ್ನ ಅಂಗೈ ನೋಡಿಕೊಂಡಳು. "ಅವ್ರೂ ದಿನಾ ಮೀನ ತಿಂತಾರೆ. ತಿಂದ ಕೈ ನಾರೂದಿಲ್ಲ ಕಾಣ್ತದೆ, ಮಾರಿದ ಕೈ ನಾರ್ತದೆ."

ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಐದಾರು ವರ್ಷ ಮೌನದ ಬಗ್ಗೆ ಮಾತಾಡಿದವಳು, ಅಂಥ ಮೌನದಲ್ಲಿ ಕೂತದ್ದು ಅದೇ ಮೊದಲು. ಅದೂ ಅಲ್ಲದೆ ನನ್ನ ತಲೆಯಲ್ಲಿ ನಮ್ಮ ಮನೆಯ ಗೇಟು ತೆರೆದು ನಿಂತಿತ್ತು. ಅವಳು ಬಂದರೆ ನಾನು ಓಡುತ್ತಿದ್ದದ್ದು ಗೌರವಕ್ಕಲ್ಲ. ಚಿಲಕಕ್ಕೆ ಮೀನಿನ ಕೈ ತಾಗಿದರೆ ಸಂಜೆಯವರೆಗೂ ವಾಸನೆ ಹೋಗುವುದಿಲ್ಲ ಎಂದು. ಹನ್ನೊಂದು ವರ್ಷ ನಾನು ಚಿಲಕವನ್ನು ಕಾಪಾಡಿದ್ದೆ, ಅವಳು ಅದನ್ನು ಆದರ ಎಂದು ತಿಳಿದಿದ್ದಳು. ಅಥವಾ ತಿಳಿದಂತೆ ನಟಿಸಿದ್ದಳೋ ಏನೋ, ನಟನೆ ಅವಳಿಗೆ ಬರುತ್ತಿತ್ತು ಎಂಬುದು ಈಗ ಸಾಬೀತಾಗಿತ್ತಲ್ಲ.

ಸ್ಪರ್ಧೆಯೊಂದಕ್ಕೆ ಕಳಿಸುವ ಮೊದಲು ಆ ಏಳು ನಿಮಿಷವನ್ನು ಒಂದಕ್ಕೆ ಇಳಿಸು ಎಂದು ಮಾಸ್ತರು ವಸಂತನಿಗೆ ಸೂಚಿಸಿದರು. "ನಾನೂ ಹಂಗೇ ಅಂದ್ಕೊಂಡಿದ್ದೆ ಸರ್. ಇನ್ನು ಕತ್ತರಿ ಹಾಕೂಕೆ ಕೈ ಬರೂದಿಲ್ಲ" ಎಂದ. ಹಾಗೆಯೇ ಕಳಿಸಿದ. ಆಯ್ಕೆಯಾಗಲಿಲ್ಲ. ಚಿತ್ರದ ಗತಿ ನಿಧಾನವಾಯಿತು ಎಂದು ಸ್ಪರ್ಧೆಯವರಿಂದ ಒಂದು ಸಾಲು ಬಂತಂತೆ. ಅವನು ಅದನ್ನು ನಮಗೆ ಹೇಳಿದ್ದು ಬೇಸರದಿಂದಲ್ಲ, ಹವಾಮಾನ ಹೇಳಿದ ಹಾಗೆ.

ಅದಾಗಿ ಹದಿನೈದು ದಿನಕ್ಕೆ ಮಾದೇವಿ ನಮ್ಮ ಗೇಟಿನ ಹೊರಗೆ ನಿಂತು ಕರೆದಳು. ನಾನು ಅಭ್ಯಾಸಬಲದಿಂದ ಓಡಿ, ಈ ಸಲ ಅರ್ಧ ದಾರಿಯಲ್ಲಿ ನೆನಪಾಗಿ ನಿಂತು, "ನೀನೇ ತೆಗೆದು ಬಾ" ಎಂದೆ. ಅವಳಿಗೆ ವಿಚಿತ್ರವೆನಿಸಿತೋ ಏನೋ. "ಎಂತ ಅಕ್ಕೋರೆ, ಸೊಂಟ ಹಿಡ್ಕಂಡದ್ಯಾ?" ಎಂದಳು. ಆಮೇಲೆ ವಿಷಯ ತೆಗೆದಳು. ಅತ್ತೆ ಸಿನಿಮಾದಲ್ಲಿ ಮಾಡಿದ್ದಾರೆಂದು ಅಳಿಯನಿಗೆ ಆಫೀಸಿನಲ್ಲಿ ಯಾರೋ ಹೇಳಿದ್ದರಂತೆ. ಸಿ.ಡಿ. ತಂದು ತೋರಿಸಿ ಎಂದು ಕೇಳಿದ್ದನಂತೆ. ವಸಂತ ಕೊಟ್ಟ ಸಿ.ಡಿ. ಅವಳ ಹತ್ತಿರ ಇತ್ತು.

"ಆ ಕೈ ತೊಳೆಯುವುದನ್ನೂ ಅವರು ನೋಡ್ತಾರಲ್ಲ ಮಾದೇವಿ" ಎಂದೆ.

"ನೋಡ್ಲಿ. ಬಾಯಲ್ಲಿ ಹೇಳೂಕೆ ನಂಗೆ ಇಷ್ಟು ದಿನ ಆಗ್ಲಿಲ್ಲ." ಬುಟ್ಟಿಯ ಮೇಲಿನ ಎಲೆ ಸರಿಸುತ್ತ ಹೇಳಿದಳು. "ಒಬ್ಳೇ ಹೋಗೂಕೆ ಧೈರ್ಯ ಸಾಲೂದಿಲ್ಲ. ನೀವು ಬನ್ನಿ. ಸುಮ್ನೆ ನನ್ನ ಬದಿಗೆ ಕೂತ್ಕಂಡ್ರೆ ಸಾಕು."

ಸುಮ್ಮನೆ ಕೂತುಕೊಳ್ಳುವುದಕ್ಕೆ ಯಾರಾದರೂ ನನ್ನನ್ನು ಕರೆಯುತ್ತಾರೆಯೇ? ಅವಳ ಸಂಕೋಚ ಅದು ಎಂದುಕೊಂಡೆ. ಆ ಮನೆಯವರ ಮನಸ್ಸು ಕರಗಿಸುವ ಹೊಣೆ ನನ್ನದೇ ಎಂದು ಭಾನುವಾರ ಬೆಳಿಗ್ಗೆ ಅಂಕೋಲೆಯಿಂದ ಕಾರವಾರದವರೆಗೂ ಬಸ್ಸಿನಲ್ಲಿ ತುಟಿ ಅಲ್ಲಾಡಿಸುತ್ತ ಮಾತು ಜೋಡಿಸಿದೆ. ಶ್ರಮದ ಘನತೆ, ತಾಯ್ತನ, ಕಡಲು. ಈ ಸಲ ಶೂನ್ಯವನ್ನು ಬಿಟ್ಟಿದ್ದೆ. ಕದ್ವಾಡದ ಬಸ್ಸಿಗೆ ಬದಲಾಯಿಸಿದಾಗ ಸಮಾರೋಪವೂ ಸಿದ್ಧವಾಯಿತು.

ಮನೆ ಚೊಕ್ಕವಾಗಿತ್ತು. ನೆಲದಿಂದ ಫಿನೈಲಿನ ವಾಸನೆ, ಟಿ.ವಿ.ಯ ಮೇಲೆ ಕಸೂತಿ ಹಾಕಿದ ಬಟ್ಟೆ. ಮಾದೇವಿ ಒಳಗೆ ಬರುವ ಮೊದಲು, ಯಾರೂ ಹೇಳದೆಯೇ, ಅಂಗಳದ ನಲ್ಲಿಯಲ್ಲಿ ಕೈ ತೊಳೆದಳು. ಬೀಗತಿ ಸುಮತಿಬಾಯಿ ನೆಟ್ಟಗೆ ಕೂತ, ಬಿಗಿಯಾಗಿ ತುರುಬು ಕಟ್ಟಿದ ಹೆಂಗಸು. ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಮಾದೇವಿ ಬಾಗಿಲ ಬದಿಯ ಸ್ಟೂಲಿನಲ್ಲಿ ಕೂತಳು, ನಾನು ಕುರ್ಚಿಯನ್ನು ಅಲ್ಲಿಗೇ ಎಳೆದುಕೊಂಡೆ. ಮಗಳು ಶೋಭಾ ಗಂಡನ ಹಿಂದೆ ನಿಂತಳು. ಮಗು ಮಲಗಿತ್ತು.

ಚಿತ್ರ ಶುರುವಾಯಿತು. ದಂಡೆ, ಬಂಗಡೆ, ಬುಟ್ಟಿ. ಅಳಿಯನಿಗೆ ಖುಷಿ, "ನೋಡಿ ನೋಡಿ, ಅತ್ತೆ" ಎನ್ನುತ್ತಿದ್ದ. ಬಾವಿಕಟ್ಟೆ ಬಂತು. ಒಂದು ನಿಮಿಷ, ಎರಡು ನಿಮಿಷ. ಹುಣಸೆಹಣ್ಣು, ಸಾಬೂನು, ಮೂಗಿನ ಹತ್ತಿರ ಕೈ. ಶೋಭಾ ತಲೆ ತಗ್ಗಿಸಿದಳು, ಆಮೇಲೆ ಮೆಲ್ಲಗೆ ಅಡುಗೆಮನೆಗೆ ಹೋದಳು. ಸಮಯ ಇದೇ ಎನಿಸಿತು. ಗಂಟಲು ಸರಿಮಾಡಿಕೊಂಡೆ. ಮಾದೇವಿ ನನ್ನ ಮೊಣಕೈ ಹಿಡಿದಳು. ಭಾವುಕಳಾಗಿದ್ದಾಳೆ ಎಂದು ಮಾತು ತಡೆದುಕೊಂಡೆ.

"ಹುಣಸೆಹಣ್ಣಿಗೆ ಅದು ಹೋಗೂದಿಲ್ಲ" ಎಂದರು ಸುಮತಿಬಾಯಿ.

ಅವರು ಪರದೆಯಿಂದ ಕಣ್ಣು ತೆಗೆಯದೆ ಮುಂದುವರಿಸಿದರು. "ತೆಂಗಿನೆಣ್ಣೆ ಹಚ್ಬೇಕು ಮೊದ್ಲು. ಆಮೇಲೆ ಕಡ್ಲೆಹಿಟ್ಟು ಹಾಕಿ ತಿಕ್ಬೇಕು. ನಮ್ಮವ್ವಿ ಹಂಗೇ ಮಾಡ್ತಿದ್ಳು."

"ಅಜ್ಜಿ ಮೀನ ಮಾರ್ತಿದ್ಳಾ?" ಎಂದು ಮಗ ತಿರುಗಿದ. ಅವನಿಗೂ ಅದು ಹೊಸ ಸುದ್ದಿ.

"ಹೂಂ. ಮಾಜಾಳಿ ದಂಡೇಲಿ. ನಾನೂ ಹೋಗ್ತಿದ್ದೆ ಸಂಗಡ, ಮದುವೆ ಆಗೂ ತನ್ಕ. ನಿಮ್ಮಪ್ಪಂಗೆ ನೌಕರಿ ಇತ್ತಲ್ಲ, ಈ ಮನೇಲಿ ಆ ಮಾತ ಯಾರೂ ಎತ್ಬಾರ್ದು ಅಂದಿದ್ರು ನಿಮ್ಮಜ್ಜ." ಪರದೆಯ ಮೇಲೆ ಮಾದೇವಿ ಮತ್ತೆ ಕೈ ಮೂಸಿದಳು. ಸುಮತಿಬಾಯಿ ತಮ್ಮ ಬೆರಳ ತುದಿಗಳನ್ನು ಒಮ್ಮೆ ನೋಡಿಕೊಂಡರು. "ಎಷ್ಟು ತಿಕ್ಕಿದ್ರೂ ಉಗುರ ಸಂದೀಲಿ ಉಳೀತದೆ ಅದು. ಮಲ್ಗಿದಾಗ ಗೊತ್ತಾಗ್ತದೆ."

ಏಳು ನಿಮಿಷವೂ ಮುಗಿಯಿತು. ಯಾರೂ ಕೆಮ್ಮಲಿಲ್ಲ. ಸುಮತಿಬಾಯಿ ಅಡುಗೆಮನೆಯ ಕಡೆ ತಿರುಗಿ, "ಶೋಭಾ, ಮಗೂನ ಎತ್ಕಂಬಾ" ಎಂದರು. "ಮಲ್ಗಿದ್ಯಲ್ಲ ಅತ್ತೆ" ಎಂಬ ದನಿ ಬಂತು. "ಎಬ್ಸು. ಅದ್ರ ಅಜ್ಜಿ ಎಷ್ಟು ಹೊತ್ತು ಕಾಯ್ಬೇಕು?" ಮಗು ನಿದ್ದೆಗಣ್ಣಿನಲ್ಲಿ ಬಂತು, ಅತ್ತಿತು. ಮಾದೇವಿ ಎದ್ದು ನಿಂತು ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಳ್ಳತೊಡಗಿದಳು. "ಒರ್ಸೂದು ಬೇಡ, ತಗೊ" ಎಂದರು ಸುಮತಿಬಾಯಿ. ಅದು ಕ್ಷಮೆಯ ದನಿಯಲ್ಲಿರಲಿಲ್ಲ, ಕೊಂಚ ಗದರಿದ ಹಾಗೇ ಇತ್ತು. ಆಮೇಲೆ ಚಹಾ ಬಂತು. ಮಗು ಮಾದೇವಿಯ ಮೂಗಿನ ನತ್ತನ್ನು ಹಿಡಿದು ಜಗ್ಗುತ್ತಿತ್ತು.

ಎಲ್ಲ ಒಂದೇ ದಿನದಲ್ಲಿ ಸರಿಹೋಯಿತು ಎಂದು ನಾನು ಹೇಳಲಾರೆ. ಹೊರಡುವಾಗ ಸುಮತಿಬಾಯಿ ಬಾಗಿಲ ತನಕ ಬಂದರು, ಮುಂದಿನ ಸಲ ಬರುವಾಗ ಸಿಗಡಿ ತಾ ಎಂದರು, ಅಷ್ಟೇ. ಶೋಭಾ ಮಾತ್ರ ಬಸ್ ಸ್ಟಾಪಿನವರೆಗೂ ತಾಯಿಯ ಕೈ ಹಿಡಿದು ನಡೆದಳು. ನಾನು ಹಿಂದೆ ಬರುತ್ತಿದ್ದೆ, ಬಳಸದ ಭಾಷಣವನ್ನು ಹೊತ್ತುಕೊಂಡು. ಅದು ಅಷ್ಟು ಭಾರವೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಂಕೋಲೆಯ ಬಸ್ಸಿನಲ್ಲಿ ಮಾದೇವಿ ಕಿಟಕಿಯ ಬದಿಗೆ ಕೂತು ಹೊರಗೆ ನೋಡುತ್ತಿದ್ದಳು. ನನಗೆ ಸುಮ್ಮನಿರಲಾಗಲಿಲ್ಲ. "ನಾನು ಬಂದು ನಿನಗೆ ಏನೂ ಉಪಯೋಗ ಆಗಲಿಲ್ಲ, ಒಂದು ಮಾತೂ ಆಡಲಿಲ್ಲ ನೋಡು" ಎಂದೆ. ಹಾಗೇನಿಲ್ಲ ಅಕ್ಕೋರೆ, ನೀವಿದ್ದದ್ದೇ ದೊಡ್ಡದು ಎನ್ನುತ್ತಾಳೆ ಎಂಬ ನಿರೀಕ್ಷೆಯಿತ್ತು.

"ದೇವ್ರು ದೊಡ್ಡವ" ಎಂದಳು ಮಾದೇವಿ. "ನೀವು ಗಂಟ್ಲು ಸರಿ ಮಾಡ್ಕಂಡಾಗ ನನ್ನ ಜೀವ ಹೋದಂಗಾಗಿತ್ತು."

ಇಷ್ಟು ವರ್ಷಗಳಲ್ಲಿ ನನ್ನ ಪ್ರತಿಕ್ರಿಯೆಗಳ ಬಗ್ಗೆ ನನಗೆ ಸಿಕ್ಕಿದ ಏಕೈಕ ಪ್ರಾಮಾಣಿಕ ಪ್ರತಿಕ್ರಿಯೆ ಅದು. ಅದಕ್ಕೊಂದು ಉತ್ತರ ಹೇಳೋಣವೆಂದು ಬಾಯಿ ತೆರೆದೆ. ಮಾದೇವಿ ಆಗಲೇ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು.