ತೀರಿಹೋದ ನರ್ಸಮ್ಮನ ಫೋನ್

ಆಶಾ ಕಾರ್ಯಕರ್ತೆಯಾಗಿ ಕೋಡಿ ಊರಿನ ಮನೆಮನೆ ತಿರುಗುವ ನನಗೆ ಹೆದರಿಕೆಯೂ ನಗುವೂ ಯಾವತ್ತೂ ಒಟ್ಟಿಗೇ ಬರುವುದು. ಯಾಕೆ ಅಂತ ಕೇಳಬೇಡಿ, ನಮ್ಮ ಕೆಲಸವೇ ಹಾಗೆ.

ಪೇಟೆಯ ದನಿ

ಓದು ಬಾರದ ಬಸುರಿಯರಿಗೂ ತಲುಪಲಿ ಅಂತ ವಾರಕ್ಕೊಮ್ಮೆ ಫೋನಿನಲ್ಲೇ ಆರೋಗ್ಯದ ಮಾತು ಕೇಳಿಸುವ ಯೋಜನೆ ಬಂತು. "ಗರ್ಭಿಣಿಯರು ಪೌಷ್ಟಿಕ ಆಹಾರ ಸೇವಿಸತಕ್ಕದ್ದು" ಅಂತ ರೆಕಾರ್ಡಿನ ಪೇಟೆ ದನಿ ಅಂದದ್ದೇ ತಡ, ಮೀನು ಮಾರುವ ಹೆಂಗಸರು ಕಟ್ ಮಾಡಿಬಿಡುತ್ತಿದ್ದರು. "ಕೋರ್ಟಿಂದ ಫೋನ್ ಬಂದಾಂಗ್ ಆತ್ತ್ ಮರಾಯ್ತಿ" ಅಂದಳು ಒಬ್ಬಳು.

ಕಡೆಗೆ ನಮ್ಮ ಆರೋಗ್ಯ ಕೇಂದ್ರದ ನರ್ಸಮ್ಮನೇ ಕುಂದಾಪ್ರ ಕನ್ನಡದಲ್ಲಿ ಮಾತಾಡಿ ರೆಕಾರ್ಡ್ ಮಾಡಿಸಿದರು. ಮೊದಲಿಗೊಂದು ಕೆಮ್ಮು. ಆಮೇಲೆ "ಹ್ವಾಯ್, ಕೇಂತಾ?" ಅಂತ, ಕೇಳಿಸುತ್ತಾ ಅಂತ ವಿಚಾರಿಸಿ, ಉತ್ತರಕ್ಕೆ ಕಾದ ಹಾಗೆ ಸ್ವಲ್ಪ ಬಿಟ್ಟು, "ಹಾಂಗಾರ್ ಕೇಣಿ" ಅಂತ ಶುರು. ಎಲ್ಲರೂ ಕೇಳಿದರು.

ಮಣೆ ಮೇಲಿನ ಫೋನ್

ಮಳೆಗಾಲ ಮುಗಿಯುವ ಮೊದಲೇ ನರ್ಸಮ್ಮ ತೀರಿಹೋದರು. ಫೋನ್ ಮಾತ್ರ ನಿಲ್ಲಲಿಲ್ಲ.

ಒಂದು ಮನೆಗೆ ಹೋದರೆ, ಬಸುರಿಯ ಅತ್ತೆ ಫೋನನ್ನು ಮಣೆ ಮೇಲಿಟ್ಟು ಕೈಮುಗಿದು ಕೂತಿದ್ದಳು. ಅದೇ ಕೆಮ್ಮು. "ಹ್ವಾಯ್, ಕೇಂತಾ?" ಅತ್ತೆ "ಹೂಂ" ಅಂದಳು. "ಹಾಂಗಾರ್ ಕೇಣಿ" ಅಂತು ಫೋನ್. ನನ್ನ ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ.

ಮಣೆ ಪಕ್ಕ ಚಾ ಬೇರೆ.

"ಸಕ್ರಿ ಹಾಕ್ಲಿಲ್ಲೆ," ಅಂದಳು ಅತ್ತೆ. "ಅವ್ರಿಗೆ ಸಕ್ರಿ ಕಾಯ್ಲೆ ಇದ್ದಿತ್ತಲೆ."

ಬಾತ ಕಾಲು

ಎಂಟನೇ ತಿಂಗಳಲ್ಲಿ ಆ ಸೊಸೆಯ ಕಾಲು ಬಾತಿತು, ತಲೆನೋವೂ ಬಂತು. ಬಿಪಿ ನೋಡಿದರೆ ತುಂಬಾ ಮೇಲೇರಿತ್ತು. ಆಸ್ಪತ್ರೆಗೆ ಹೋಗಿ ಅಂತ ಅಂಗಲಾಚಿದೆ. ಅತ್ತೆ ಕದಲಲಿಲ್ಲ. "ಬಸ್ರಿಗೆ ಕಾಲ್ ಬಾಯ್ದೆ ಇನ್ನಾರಿಗ್ ಬಾತ್ತ್?"

ಅಷ್ಟರಲ್ಲಿ ಫೋನ್ ರಿಂಗಾಯಿತು. ಕೆಮ್ಮು. "ಹ್ವಾಯ್, ಕೇಂತಾ?" ಈ ಸಲ "ಹೂಂ" ಅಂದವಳು ನಾನೇ.

"ಹಾಂಗಾರ್ ಕೇಣಿ. ಕಾಲ್ ಬಾತಿದ್ರೆ ಇವತ್ತೇ ಆಸ್ಪತ್ರಿಗ್ ಹೋಯ್ಕ್. ನಾಳೆ ಅಂದ್ಕಂಡ್ ಕೂರ್ಬೇಡಿ."

ಎಂಟನೇ ತಿಂಗಳಿನ ಎಲ್ಲರಿಗೂ ಇದೇ ಮಾತು ಹೋಗುತ್ತದೆ ಅಂತ ನನಗೆ ಗೊತ್ತು. ಆದರೂ ನರ್ಸಮ್ಮ ಬಂದು ನಿಂತಿದ್ದಾರೇನೋ ಅಂತ ಬಾಗಿಲ ಕಡೆ ತಿರುಗಿ ನೋಡಿದೆ. ಅತ್ತೆ ಆಗಲೇ ರಿಕ್ಷಾ ಕರೆಯಲು ಓಡಿದ್ದಳು. ತಾಯಿ, ಮಗು ಇಬ್ಬರೂ ಉಳಿದರು. ಆಸ್ಪತ್ರೆಯ ಮೂಲೆಯಲ್ಲಿ ನಿಂತು ನಾನು ಅತ್ತುಬಿಟ್ಟೆ.

ನನ್ನ ಸರದಿ

ಸತ್ತವರ ದನಿ ಸರಿಯಲ್ಲ ಅಂತ ಇಲಾಖೆಯ ಮೇಲಿನವರು ನನ್ನ ದನಿ ರೆಕಾರ್ಡ್ ಮಾಡಿಸಿದರು. ಅಷ್ಟರಲ್ಲಿ ಆ ಮನೆಯ ಎರಡನೇ ಸೊಸೆ ಬಸುರಿ. ನಾನು ಅಲ್ಲೇ ಕೂತಿದ್ದಾಗ ಫೋನ್ ಬಂತು. ಅತ್ತೆ ನನ್ನ ದನಿ ಕೇಳಿ ಕಟ್ ಮಾಡಿದಳು.

"ಎಂತಕ್ಕೆ ಕಟ್ ಮಾಡ್ದ್ರಿ?"

"ಬೇಜಾರ್ ಮಾಡ್ಕಣ್ಬೇಡಿ ಅಮ್ಮ," ಅಂತ ಅತ್ತೆ ನನಗೆ ಚಾ ಕೊಟ್ಟಳು. "ನಿಮ್ಗಿನ್ನೂ ಜೀವ ಇತ್ತಲೆ. ಅದ್ ಹ್ವಾದ್ಮೇಲೆ ಫೋನ್ ಮಾಡಿ, ಖಂಡಿತ ಕೇಂತೆ."