ದೊರೆಗೆ ಮರೆವು ಬಂದ ಶನಿವಾರ

ನಮ್ಮ ಮನೆಗೆ ಬರುತ್ತಿದ್ದ ದೊರೆಗೆ ಮರೆವು ಎಂಬ ವರವನ್ನು ದೇವರು ಕೊಟ್ಟೇ ಇರಲಿಲ್ಲ! ಇಂಗ್ಲೆಂಡಿನಲ್ಲಿ ಹುಟ್ಟಿದ ಗಣಿತಜ್ಞರು, ರಿಟೈರ್ ಆಗಿ ಅಮೆರಿಕದ ಲಿವರ್‌ಮೋರ್‌ನಲ್ಲಿ ಒಂಟಿ ವಾಸ. ನಾನು ಮಂಡ್ಯದವಳು, ಇಂಗ್ಲೆಂಡಿನ ಮುದುಕರನ್ನು ಕಂಡರೆ ಬಾಯಿಗೆ ‘ದೊರೆ’ ಅಂತಲೇ ಬರುತ್ತದೆ, ಏನು ಮಾಡಲಿ? ಅವರು ಇಂಗ್ಲಿಷಿನಲ್ಲಿ ಆಡಿದ್ದನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ, ಕೇಳಿ.

“ರಾಂಗ್ ಸೈಡಲ್ಲಿ ಓಡಿಸೋ ದೇಶದಲ್ಲಿ ನಾನು ಸ್ಟಿಯರಿಂಗ್ ಮುಟ್ಟಲ್ಲ!” ಎಂದು ಅಮೆರಿಕಕ್ಕೆ ಕಾಲಿಟ್ಟಾಗ ಮಾಡಿದ ಶಪಥವನ್ನು ಮುದುಕರಾದರೂ ಮುರಿದಿರಲಿಲ್ಲ. ಹಾಗಾಗಿ ಪ್ರತಿ ಶನಿವಾರ ನಾವು ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗಿ, ಪ್ರಸಾದವನ್ನೂ ದೊರೆಯನ್ನೂ ಕಾರಿಗೆ ಹಾಕಿಕೊಂಡು ಫಾಸ್ಟರ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿಗೆ ತರುತ್ತಿದ್ದೆವು. ಅವರೂ ನಮ್ಮ ಯಜಮಾನರೂ ಊಟದ ಮೇಜು ಹಿಡಿದು ಕೂತರೆ ಮುಗಿಯಿತು! ಇಂಟರ್‌ನೆಟ್ಟಿನಲ್ಲಿ ಪುಟಗಳು ಬೇಗ ಬರುವಂಥ ಯಾವುದೋ ಲೆಕ್ಕವಂತೆ. ಕಿರುಚಾಟಕ್ಕೆ ಪಕ್ಕದ ಮನೆಯವರು ಗೋಡೆ ಗುದ್ದುತ್ತಿದ್ದರು. ಎಷ್ಟೇ ಜಗಳವಾಡಿದರೂ ದೊರೆಯದು ಒಂದೇ ಕಾನೂನು: ಈ ಮೇಜಿನ ಮೇಲೆ ಹುಟ್ಟಿದ್ದು ಇಬ್ಬರದೂ; ಯಾರದೆಷ್ಟು ಎಂದು ಯಾರೂ ಕೇಳುವಂತಿಲ್ಲ.

ನನ್ನ ಹುರುಳಿಕಾಳು ಸಾರಿಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. “ಯುಗಾದಿ ಹಿಂದಿನ ಶನಿವಾರ ಉಪ್ಪು ಸರಿಯಾಗಿತ್ತು. ಇವತ್ತು ಒಂದು ಚಿಟಿಕೆ ಕಮ್ಮಿ.” ನನ್ನ ಅತ್ತೆಯೂ ಇಷ್ಟು ನೆನಪಿಟ್ಟಿರಲಿಲ್ಲ ಸ್ವಾಮಿ!

ಆಮೇಲೆ ಡಾಟ್‌ಕಾಮ್ ಗುಳ್ಳೆ ಒಡೆದು ಇಂಟರ್‌ನೆಟ್ ಕಂಪನಿಗಳು ಸಾಲಾಗಿ ಮುಳುಗಿದವು. ಯಜಮಾನರ ಕೆಲಸ ಹೋಯಿತು. ಬೇರೆ ಕೆಲಸ ಸಿಗದಿದ್ದರೆ ವೀಸಾ ಇಲ್ಲ, ಗಂಟುಮೂಟೆ ಕಟ್ಟುವುದೇ. ಚಿಂತೆಯಲ್ಲಿ ಅವರ ತಲೆಗೆ ಲೆಕ್ಕವೇ ಹತ್ತದಾಯಿತು. ಪೆನ್ಸಿಲ್ ಹಿಡಿದು ಸುಮ್ಮನೆ ಕೂತಿರುತ್ತಿದ್ದರು. ಉಳಿದದ್ದನ್ನೆಲ್ಲ ದೊರೆ ಒಬ್ಬರೇ ಮಾಡಿ ಮುಗಿಸಿದರು.

ಒಂದು ಶನಿವಾರ ಮೆನ್ಲೋ ಪಾರ್ಕಿನ ಯಾವುದೋ ಕಂಪನಿಯ ಇಬ್ಬರು ನಮ್ಮ ಮನೆಗೇ ಬಂದರು. ಲೆಕ್ಕ ಬೇಕಂತೆ, ಆದರೆ ಕೆಲಸ ಒಬ್ಬರಿಗೇ ಅಂತೆ.

“ಇದರಲ್ಲಿ ನಿಮ್ಮದೆಷ್ಟು, ಇವರದೆಷ್ಟು?” ಎಂದು ದೊರೆಯನ್ನು ಕೇಳಿದರು.

ಯಜಮಾನರು ತಲೆ ತಗ್ಗಿಸಿದರು. ನಾನು ಒಲೆಯ ಮೇಲಿನ ಸಾರನ್ನು ಹಾಗೇ ಬಿಟ್ಟು ಅಡುಗೆಮನೆಯಿಂದ ಇಣುಕಿದೆ.

“ನೆನಪಿಲ್ಲ,” ಅಂದರು ದೊರೆ!

“ಒಂದು ಅಂದಾಜಿಗೆ?”

“ವಯಸ್ಸಾಯ್ತಲ್ಲ, ಮರೆವು. ಇಬ್ಬರನ್ನೂ ತಗೊಳ್ಳಿ. ಇಲ್ಲಾಂದ್ರೆ ಬಾಗಿಲು ಅಲ್ಲಿದೆ.”

ಅವರು ಬಾಗಿಲನ್ನೇ ಆರಿಸಿಕೊಂಡರು.

“ನಿಮಗೇನು ಹುಚ್ಚಾ? ಕೊನೆಯದೆಲ್ಲ ನಿಮ್ಮದೇ! ನಾನು ಸುಮ್ನೆ ಕೂತಿದ್ದೆ ಅಷ್ಟೇ,” ಎಂದರು ಯಜಮಾನರು.

“ಕೂತಿದ್ದೆಯಲ್ಲ, ಸಾಕು. ಸಾರು ಎಲ್ಲಿ?” ಎಂದರು ದೊರೆ.

ಕಣ್ಣೊರೆಸಿಕೊಂಡು ಬಡಿಸಿದೆ. ಕೆಲಸವೂ ಇಲ್ಲ, ವೀಸಾವೂ ಇಲ್ಲ. ಆದರೂ ಈ ಊರಲ್ಲಿ ನಾವು ಯಾರಿಗೂ ಕಮ್ಮಿಯಿಲ್ಲ ಎಂದು ಎದೆ ತುಂಬಿ ಬಂದಿತ್ತು. ಯಜಮಾನರು ತಟ್ಟೆ ಮುಟ್ಟಲಿಲ್ಲ. ದೊರೆ ಮಾತ್ರ ಎರಡು ಸಲ ಹಾಕಿಸಿಕೊಂಡು ಉಂಡರು, ತುಟಿ ಪಿಟಕ್ಕೆನ್ನಲಿಲ್ಲ.

ಯಜಮಾನರು ಅವರನ್ನು ಬಿಟ್ಟುಬರಲು ಹೊರಟ ಮೇಲೆ ನಾನು ಊಟಕ್ಕೆ ಕೂತು ಒಂದು ತುತ್ತು ಬಾಯಿಗಿಟ್ಟೆ. ಸಾರಿಗೆ ಉಪ್ಪೇ ಹಾಕಿರಲಿಲ್ಲ.